ಡ್ರಾ ಎಲ್ಲಿ ನಿಲ್ಲಬೇಕು? ಕ್ಯಾಡ್ ಅಸೆಂಬ್ಲಿಯಲ್ಲಿ ಜಾರುವ ಭಾಗಗಳಿಗೆ ಲಿಮಿಟ್ ಕೊಡುವ ಸಮಗ್ರ ಮಾರ್ಗದರ್ಶಿ

ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಸಾಫ್ಟ್‌ವೇರಿನಲ್ಲಿ) ಅಡುಗೆಮನೆಯ ಡ್ರಾ ಒಂದನ್ನು ಮಾಡಿ, ಅದಕ್ಕೆ ಸ್ಲೈಡರ್ ಜಾಯಿಂಟ್ (ಒಂದೇ ದಿಕ್ಕಿಗೆ ಜಾರಲು ಬಿಡುವ ಕಟ್ಟು) ಹಾಕಿ, ಮೌಸ್‌ನಲ್ಲಿ ಹಿಡಿದು ಎಳೆದು ನೋಡಿ. ಡ್ರಾ ತಾನು ಓಡುವ ಲೋಹದ ಹಳಿಯನ್ನು, ಅಂದರೆ ಚಾನೆಲ್ಲನ್ನು, ಬಿಟ್ಟು ಈಚೆ ಬಂದು ಪರದೆಯ ಅಂಚಿನವರೆಗೂ ಹೋಗುತ್ತದೆ. ಒಳಕ್ಕೆ ತಳ್ಳಿದರೆ ಹಿಂದಿನ ಪ್ಲೈವುಡ್ಡನ್ನು ತೂರಿಕೊಂಡು ಗೋಡೆಯೊಳಗೆ ಸೇರುತ್ತದೆ. ಯಾವ ದಿಕ್ಕಿಗೆ ಜಾರಬೇಕು ಎಂದಷ್ಟೇ ಹೇಳಿದ್ದೇವೆ, ಎಲ್ಲಿ ನಿಲ್ಲಬೇಕು ಎಂದು ಹೇಳಿಲ್ಲ. ಎರಡು ಘನವಸ್ತುಗಳು ಒಂದರೊಳಗೊಂದು ನುಗ್ಗಬಾರದು ಎಂಬ ಸಾಮಾನ್ಯ ಜ್ಞಾನ ಅಸೆಂಬ್ಲಿ ಸಾಲ್ವರಿಗೆ (ಭಾಗಗಳ ಜೋಡಣೆಯ ಲೆಕ್ಕ ಬಿಡಿಸುವ ಒಳಗಿನ ಪ್ರೋಗ್ರಾಮಿಗೆ) ಇರುವುದಿಲ್ಲ.

ಹೆಚ್ಚಿನವರು ಆಗ ಮಾಡುವುದು ಒಂದೇ: ಜಾಯಿಂಟ್ ತೆರೆದು ಮಿನಿಮಮ್ 0, ಮ್ಯಾಕ್ಸಿಮಮ್ 450 ಎಂದು ಟೈಪ್ ಮಾಡಿ ಮುಗಿಸುವುದು. ಡ್ರಾ ಚೆನ್ನಾಗಿ ಓಡುತ್ತದೆ, ವಿಡಿಯೊ ಮಾಡಿ ಗಿರಾಕಿಗೂ ಕಳಿಸಬಹುದು. ಆದರೆ ಆ 450 ಬಂದದ್ದು ಎಲ್ಲಿಂದ? ಚಾನೆಲ್ ಪೆಟ್ಟಿಗೆಯ ಮೇಲೆ 18 ಇಂಚು ಎಂದು ಬರೆದಿದ್ದರಿಂದ. ಅದು ಚಾನೆಲ್ಲಿನ ಉದ್ದವೇ ಹೊರತು ಡ್ರಾ ಓಡುವ ದೂರ ಅಲ್ಲ. ಎರಡೂ ಹೆಚ್ಚುಕಮ್ಮಿ ಒಂದೇ ಆಗುವುದು ಡ್ರಾ ಪೂರ್ತಿ ಹೊರಬರುವ ಫುಲ್ ಎಕ್ಸ್‌ಟೆನ್ಶನ್ ಚಾನೆಲ್‌ಗಳಲ್ಲಿ ಮಾತ್ರ, ಅಲ್ಲೂ ಮಿಲಿಮೀಟರ್ ಲೆಕ್ಕದಲ್ಲಿ ಅಲ್ಲ. ಲಿಮಿಟ್ ಎಂಬುದು ಲೋಹದ ಎರಡು ಮುಖಗಳು ತಾಗುವ ಜಾಗ. ಆ ಮುಖಗಳನ್ನು ಮೊದಲು ಹುಡುಕಿಕೊಳ್ಳಬೇಕು, ಸಂಖ್ಯೆ ಆಮೇಲೆ.

ಉದಾಹರಣೆಗೆ ಫ್ರೀಕ್ಯಾಡ್ ತೆಗೆದುಕೊಂಡಿದ್ದೇನೆ. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಅದರಲ್ಲೇ ಭಾಗಗಳನ್ನು ಜೋಡಿಸುವ ಸಾಧನಗಳ ಗುಂಪು, ಅಂದರೆ ಅಸೆಂಬ್ಲಿ ವರ್ಕ್‌ಬೆಂಚ್ ಇದೆ. ಅದಕ್ಕೂ ಮೊದಲು ಎ2ಪ್ಲಸ್, ಅಸೆಂಬ್ಲಿ3, ಅಸೆಂಬ್ಲಿ4 ಎಂಬ ಆಡ್‌ಆನ್‌ಗಳೇ ಗತಿಯಾಗಿದ್ದವು. ದುಡ್ಡು ಕೊಡಬೇಕಿಲ್ಲವಾದ್ದರಿಂದ ಪಾಲಿಟೆಕ್ನಿಕ್ ವಿದ್ಯಾರ್ಥಿಯೂ ಮಾಡ್ಯುಲರ್ ಕಿಚನ್ ಮಾಡುವವರೂ ಕೂತು ಮಾಡಿ ನೋಡಬಹುದು. ಸಾಲಿಡ್‌ವರ್ಕ್ಸ್, ಫ್ಯೂಶನ್, ಇನ್ವೆಂಟರ್ ಬಳಸುವವರಿಗೆ ಬೇಕಾದ್ದನ್ನು ಕೊನೆಯ ಹತ್ತಿರ ಬರೆದಿದ್ದೇನೆ.

ಮೊದಲು ಚಾನೆಲ್ಲನ್ನು ಕೈಗೆ ತೆಗೆದುಕೊಳ್ಳಿ

ಹಾರ್ಡ್‌ವೇರ್ ಅಂಗಡಿಯಲ್ಲಿ ಟೆಲಿಸ್ಕೋಪಿಕ್ ಚಾನೆಲ್ ಎಂದು ಕೇಳಿದರೆ ಕೊಡುವ ಮಾಲಿಗೆ ಮೂರು ಪಟ್ಟಿಗಳಿರುತ್ತವೆ. ಹೊರಗಿನದು ಕಪಾಟಿನ ಪಕ್ಕದ ಹಲಗೆಗೆ ಕೂರುತ್ತದೆ, ಒಳಗಿನದು ಡ್ರಾದ ಪಕ್ಕಕ್ಕೆ, ನಡುವಿನದು ಯಾವುದಕ್ಕೂ ಸ್ಕ್ರೂ ಇಲ್ಲದೆ ಎರಡರ ಮಧ್ಯೆ ಓಡಾಡುತ್ತದೆ. ಸಾಮಾನ್ಯ ಮಾಲಿನ ಎತ್ತರ 45 ಮಿಮೀ, ದಪ್ಪ 12.7 ಮಿಮೀ, ಅದೇ ಅರ್ಧ ಇಂಚು. ಎರಡು ಪಕ್ಕ ಸೇರಿ 25.4 ಮಿಮೀ ಹೋಗುತ್ತದೆ. 600 ಅಗಲದ ಕಪಾಟಿಗೆ 18 ಮಿಮೀ ಪ್ಲೈ ಆದರೆ ಒಳಗಲ 564, ಅದರಲ್ಲಿ 25.4 ಕಳೆದರೆ 538.6. ಡ್ರಾ ಪೆಟ್ಟಿಗೆಯನ್ನು 538ಕ್ಕೆ ಮಾಡಿದರೆ ಆಯಿತು. ಈ ಅಗಲದ ಲೆಕ್ಕ ಪ್ರತಿಯೊಬ್ಬ ಬಡಗಿಗೂ ಬಾಯಿಪಾಠ. ಉದ್ದದ ಕಡೆಯ ಲೆಕ್ಕವನ್ನು ಮಾತ್ರ ಯಾರೂ ಮಾಡುವುದಿಲ್ಲ.

ಪಟ್ಟಿಗಳ ನಡುವೆ ಗುಂಡುಗಳಿವೆ. ಆ ಗುಂಡುಗಳನ್ನು ಸಾಲಾಗಿ ಹಿಡಿದಿಡುವ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯೇ ಕೇಜ್. ಚಾನೆಲ್ಲನ್ನು ನಿಧಾನವಾಗಿ ಎಳೆಯುತ್ತ ಕೇಜನ್ನೇ ನೋಡುತ್ತಿರಿ. ಪಟ್ಟಿ 100 ಮಿಮೀ ಮುಂದೆ ಬಂದಾಗ ಕೇಜ್ 50 ಮಾತ್ರ ಬಂದಿರುತ್ತದೆ. ಉರುಳುವ ಗುಂಡಿನ ಒಂದು ಬದಿಗೆ ನಿಂತ ಪಟ್ಟಿ, ಇನ್ನೊಂದು ಬದಿಗೆ ಚಲಿಸುವ ಪಟ್ಟಿ. ಗುಂಡಿನ ನಡುಬಿಂದು ಎರಡರ ಸರಾಸರಿಯಲ್ಲಿ ಸಾಗುತ್ತದೆ, ಹಾಗಾಗಿ ಅರ್ಧ ವೇಗ. ಚಾನೆಲ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಈ ಅರ್ಧ ಓಟವೇ.

ಎಳೆಯುತ್ತ ಹೋದ ಹಾಗೆ ಎರಡು ಪಟ್ಟಿಗಳ ಅತಿಕ್ರಮಣ, ಒಂದರ ಮೇಲೊಂದು ಇರುವ ಉದ್ದ, ಕಡಿಮೆಯಾಗುತ್ತ ಬರುತ್ತದೆ. ನಿಂತ ಪಟ್ಟಿಯ ಮುಂತುದಿಯಲ್ಲಿ ಒಂದು ಸ್ಟಾಪರ್ ಮಡಿಕೆ, ಚಲಿಸುವ ಪಟ್ಟಿಯ ಹಿಂತುದಿಯಲ್ಲಿ ಇನ್ನೊಂದು. ಕೇಜ್ ಆ ಎರಡರ ನಡುವೆ ಸಿಕ್ಕಿ ಗಟ್ಟಿಯಾದಾಗ ಓಟ ಮುಗಿಯುತ್ತದೆ. ಎಲ್ಲ ಕಂಪನಿಯ ಚಾನೆಲ್ಲೂ ಹೀಗೆಯೇ ನಿಲ್ಲುತ್ತದೆ ಎಂದೇನಿಲ್ಲ. ಕೆಲವದರಲ್ಲಿ ಮಡಿಕೆಗೆ ಮಡಿಕೆಯೇ ತಾಗುತ್ತದೆ. ನಿಮ್ಮ ಕೈಯಲ್ಲಿರುವುದು ಹೇಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ಕೇಜ್ ಸಿಕ್ಕಿ ನಿಲ್ಲುವ ಜಾತಿಗೆ ಲೆಕ್ಕ ಹೀಗೆ (ಟ್ರಾವೆಲ್ ಎಂದರೆ ಓಡುವ ದೂರ):

ಒಂದು ಹಂತದ ಟ್ರಾವೆಲ್ = ಪಟ್ಟಿಯ ಉದ್ದ − ಕೇಜಿನ ಉದ್ದ − 2 × ಸ್ಟಾಪರ್ ತಿನ್ನುವ ಉದ್ದ

ನಮ್ಮ ಉದಾಹರಣೆಗೆ ಪಟ್ಟಿ 450, ಕೇಜ್ 205, ಸ್ಟಾಪರ್ ತಲಾ 10 ಎಂದಿಟ್ಟುಕೊಳ್ಳೋಣ. 450 − 205 − 20 = 225. ಹೊರಗಿನ ಪಟ್ಟಿಗೂ ನಡುವಿನದಕ್ಕೂ ಒಂದು ಹಂತ, ನಡುವಿನದಕ್ಕೂ ಒಳಗಿನದಕ್ಕೂ ಇನ್ನೊಂದು. ಎರಡೂ ಸೇರಿ 450. ಪೆಟ್ಟಿಗೆಯ ಮೇಲಿನ ಸಂಖ್ಯೆಯೇ ಬಂತಲ್ಲ ಎನ್ನಬೇಡಿ, ಕೇಜ್ 215 ಇದ್ದಿದ್ದರೆ ಒಟ್ಟು 430 ಆಗುತ್ತಿತ್ತು.

ಲೆಕ್ಕ ಸರಿಯೇ ಎಂದು ನೋಡಲು ಒಂದು ಉಪಾಯ ಇದೆ. ಚಾನೆಲ್ ಪೂರ್ತಿ ತೆರೆದಾಗ ಚಲಿಸುವ ಪಟ್ಟಿಯ ಹಿಂತುದಿ 225ರಲ್ಲಿದೆ, ಅದರ ಸ್ಟಾಪರ್ 235ರವರೆಗೆ. ಕೇಜ್ ಶುರುವಾಗುವುದು ಅಲ್ಲಿಂದ. ಅಷ್ಟು ಹೊತ್ತಿಗೆ ಕೇಜ್ 112.5 ಓಡಿದೆ, ಹಾಗಾದರೆ ಚಾನೆಲ್ ಮುಚ್ಚಿದ್ದಾಗ ಅದರ ಹಿಂತುದಿ 122.5ರಲ್ಲಿ ಇದ್ದಿರಬೇಕು. ಅದಕ್ಕೆ 205 ಕೂಡಿದರೆ 327.5, ಮುಂದೆ ಉಳಿದದ್ದು ಮತ್ತೆ 122.5. ಮುಚ್ಚಿದ ಚಾನೆಲ್‌ನಲ್ಲಿ ಕೇಜ್ ಸರಿಯಾಗಿ ನಡುಮಧ್ಯೆ ಇರಬೇಕು ಎಂದಾಯಿತು. ಹಾಗೆ ಬಾರದಿದ್ದರೆ ಅಳತೆಯಲ್ಲೇ ಎಲ್ಲೋ ತಪ್ಪಿದೆ.

ಹಂತ 1: ಅಳತೆಗಳೆಲ್ಲ ಒಂದೇ ಶೀಟಿನಲ್ಲಿ

ಫ್ರೀಕ್ಯಾಡ್‌ನಲ್ಲಿ ಹೊಸ ಫೈಲ್ ತೆರೆದು ಸೇವ್ ಮಾಡಿ, ಸ್ಪ್ರೆಡ್‌ಶೀಟ್ ವರ್ಕ್‌ಬೆಂಚ್‌ಗೆ ಹೋಗಿ ಒಂದು ಶೀಟ್ ಹಾಕಿ. ಪಟ್ಟಿ_ಉದ್ದ 450, ಕೇಜ್_ಉದ್ದ 205, ಸ್ಟಾಪರ್ 10, ಮುಂದಿನ ಸಾಲಿನಲ್ಲಿ ಹಂತ_ಟ್ರಾವೆಲ್ ಎಂದು ಮೇಲಿನ ಸೂತ್ರ. ಪ್ರತಿ ಸೆಲ್ಲಿಗೂ ಏಲಿಯಾಸ್, ಅಂದರೆ ಕರೆಯುವ ಹೆಸರು, ಕೊಡಿ. ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಬಿಡದೆ ಹಾಕಿದರೆ ತಲೆನೋವಿಲ್ಲ.

ಇಷ್ಟು ಸಣ್ಣ ಲೆಕ್ಕಕ್ಕೆ ಶೀಟ್ ಏಕೆ ಎಂದರೆ, ನಾಳೆ ಗಿರಾಕಿ 18 ಇಂಚಿನ ಬದಲು 20 ಇಂಚಿನ ಚಾನೆಲ್ ಕೇಳುತ್ತಾನೆ. ಪಟ್ಟಿಯ ಸ್ಕೆಚ್‌ನಲ್ಲಿ 500 ಎಂದು ತಿದ್ದುತ್ತೀರಿ, ಜಾಯಿಂಟಿನೊಳಗೆ ಟೈಪ್ ಮಾಡಿದ 225 ಅಲ್ಲೇ ಉಳಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಡ್ರಾ ಸ್ವಲ್ಪ ಬೇಗ ನಿಲ್ಲುತ್ತದೆ ಅಷ್ಟೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಲಿಮಿಟ್‌ಗಳಲ್ಲಿ ಆಗುವ ತಪ್ಪುಗಳ ಗುಣವೇ ಇದು: ಮಾಡೆಲ್ ಕೆಂಪಾಗುವುದಿಲ್ಲ, ಎರರ್ ಬರುವುದಿಲ್ಲ.

ಹಂತ 2: ಭಾಗಗಳು

ಮೂರು ಪಟ್ಟಿಗಳನ್ನು ಮೂರು ಬಾಡಿಗಳಾಗಿ (ಬೇರೆ ಬೇರೆ ಘನವಸ್ತುಗಳಾಗಿ) ಮಾಡಿ. ಅಡ್ಡಕೊಯ್ತವನ್ನು ತೀರಾ ನಿಖರವಾಗಿ ಬಿಡಿಸುತ್ತ ಕೂರಬೇಡಿ, ಗುಂಡು ಓಡುವ ಬಾಗುಗಳಿಂದ ಲಿಮಿಟ್‌ಗೆ ಏನೂ ಆಗಬೇಕಿಲ್ಲ. ತಗಡಿನ ಸರಳ ಸಿ ಆಕಾರ ಸಾಕು. ಆದರೆ ಸ್ಟಾಪರ್‌ಗಳನ್ನು ಬಿಡಬೇಡಿ. ನಿಂತ ಪಟ್ಟಿಯ ಮುಂತುದಿಯಲ್ಲಿ, ಚಲಿಸುವ ಪಟ್ಟಿಯ ಹಿಂತುದಿಯಲ್ಲಿ ಸಣ್ಣ ಚೌಕದ ಗುಬ್ಬಿಯಾದರೂ ಇರಲಿ, ಆಮೇಲೆ ಅಳೆದು ನೋಡಲು ಅವೇ ಬೇಕು. ಅಂಗಡಿಯವರ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳು ಓದಬಲ್ಲ 3ಡಿ ಫೈಲ್) ಇಳಿಸಿಕೊಂಡಿದ್ದರೆ ಸ್ಟಾಪರ್ ಇದೆಯೇ ಎಂದು ಮೊದಲು ನೋಡಿ. ಚಂದಕ್ಕೆ ಗುಂಡುಗಳನ್ನೆಲ್ಲ ಬಿಡಿಸಿ, ಸ್ಟಾಪರ್ ಮಾತ್ರ ಇಲ್ಲದ ಫೈಲುಗಳು ಧಾರಾಳವಾಗಿ ಸಿಗುತ್ತವೆ.

ಕೇಜನ್ನು ಅಸೆಂಬ್ಲಿಯಲ್ಲಿ ಹಾಕದಿರುವುದೇ ಒಳ್ಳೆಯದು. ಅದರ ಅರ್ಧ ಓಟವನ್ನು ಕಟ್ಟಲು ಹೋದರೆ ಸಾಲ್ವರಿಗೆ ಭಾರ ಹೆಚ್ಚುತ್ತದೆ, ನಿಮಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಅದರ ಉದ್ದ ಶೀಟಿನಲ್ಲಿದೆ, ಸಾಕು.

ಹಂತ 3: ಯಾವುದು ಯಾವುದರ ಜೊತೆ

ಅಸೆಂಬ್ಲಿ ವರ್ಕ್‌ಬೆಂಚ್‌ನಲ್ಲಿ ಹೊಸ ಅಸೆಂಬ್ಲಿ ಮಾಡಿ ಮೊದಲು ಕಪಾಟನ್ನು ತನ್ನಿ, ಅದನ್ನು ಅಲುಗದಂತೆ ಗ್ರೌಂಡ್ ಮಾಡಿ. ಆಮೇಲೆ ಉಳಿದವು.

ಇಲ್ಲಿ ಬಹಳ ಜನ ಎಡವುತ್ತಾರೆ. ಡ್ರಾಗೆ ಎಡಕ್ಕೊಂದು ಬಲಕ್ಕೊಂದು ಚಾನೆಲ್ ಇರುವುದರಿಂದ ಎರಡೂ ಕಡೆ ಎರಡೆರಡು ಸ್ಲೈಡರ್ ಜಾಯಿಂಟ್, ಒಟ್ಟು ನಾಲ್ಕು ಹಾಕುತ್ತಾರೆ. ನಿಜದಲ್ಲೂ ಹಾಗೆಯೇ ಇದೆಯಲ್ಲ ಎಂಬುದು ಅವರ ವಾದ. ಲೆಕ್ಕ ಹಾಕಿ ನೋಡೋಣ. ಚಲಿಸುವ ಭಾಗಗಳು ಮೂರು: ಎಡ ನಡುಪಟ್ಟಿ, ಬಲ ನಡುಪಟ್ಟಿ, ಡ್ರಾ. ಪ್ರತಿಯೊಂದಕ್ಕೂ 3 ದಿಕ್ಕಿಗೆ ಜಾರುವ, 3 ಅಕ್ಷದ ಸುತ್ತ ತಿರುಗುವ ಸ್ವಾತಂತ್ರ್ಯ, ತಲಾ 6ರಂತೆ 18. ಪ್ರತಿ ಸ್ಲೈಡರ್ 5 ಸ್ವಾತಂತ್ರ್ಯವನ್ನು ಕಸಿಯುತ್ತದೆ, ನಾಲ್ಕಕ್ಕೆ 20. 18ರಲ್ಲಿ 20 ಕಳೆದರೆ −2. ಲೆಕ್ಕದ ಪ್ರಕಾರ ಡ್ರಾ ಅಲುಗಾಡಲೇಬಾರದು. ಆದರೆ ಎಲ್ಲ ಜಾಯಿಂಟ್‌ಗಳೂ ಒಂದೇ ದಿಕ್ಕಿಗೆ ಇರುವುದರಿಂದ ನಿಜವಾಗಿ 3 ಸ್ವಾತಂತ್ರ್ಯ ಉಳಿದಿರುತ್ತದೆ. ಅಲ್ಲಿಗೆ 5 ಕಟ್ಟುಗಳು ಬರೀ ಪುನರಾವರ್ತನೆ. ಡ್ರಾದ ಅಗಲ 538 ಇರುವ ಕಡೆ 538.01 ಆದರೂ ಆ 5 ಕಟ್ಟುಗಳು ಒಂದಕ್ಕೊಂದು ಹೊಂದುವುದಿಲ್ಲ, ಸಾಲ್ವರ್ ತಕರಾರು ತೆಗೆಯುತ್ತದೆ. ನಿಜವಾದ ಚಾನೆಲ್ ಅಷ್ಟಿಷ್ಟು ಸಡಿಲವಿದ್ದು ಸಹಿಸಿಕೊಳ್ಳುತ್ತದೆ, ಗಣಿತಕ್ಕೆ ಆ ಸಡಿಲ ಇಲ್ಲ.

ಮೂರು ಗುಂಪು ಮಾಡಿಕೊಳ್ಳಿ. ಕಪಾಟು ಮತ್ತು ಎರಡು ಹೊರಪಟ್ಟಿಗಳು ಫಿಕ್ಸ್ಡ್ ಜಾಯಿಂಟಿನಲ್ಲಿ ಒಂದು ಗುಂಪು. ಎರಡು ನಡುಪಟ್ಟಿಗಳನ್ನು ಒಂದಕ್ಕೊಂದು ಫಿಕ್ಸ್ ಮಾಡಿದರೆ ಇನ್ನೊಂದು. ಡ್ರಾ ಮತ್ತು ಎರಡು ಒಳಪಟ್ಟಿಗಳು ಮೂರನೆಯದು. ಇನ್ನು ಸ್ಲೈಡರ್ ಎಡಗಡೆ ಮಾತ್ರ, ಎರಡೇ ಎರಡು. ಚಲಿಸುವ ಎರಡು ಗುಂಪುಗಳ 12ರಲ್ಲಿ 10 ಕಳೆದು ಉಳಿಯುವ 2 ಸ್ವಾತಂತ್ರ್ಯಗಳೇ ನಮ್ಮ ಎರಡು ಹಂತಗಳು. ಬಲಗಡೆಯ ಚಾನೆಲ್ ಸುಮ್ಮನೆ ಜೊತೆಗೆ ಓಡಾಡುತ್ತದೆ.

ಹಂತ 4: ಸೊನ್ನೆ ಎಲ್ಲಿ?

ಸ್ಲೈಡರ್ ಜಾಯಿಂಟ್ ಆರಿಸಿದಾಗ ಪ್ರತಿ ಭಾಗದಲ್ಲೂ ಒಂದು ಜಾಗ ಕ್ಲಿಕ್ ಮಾಡಬೇಕು. ಕ್ಲಿಕ್ ಮಾಡಿದಲ್ಲಿ ಎಕ್ಸ್, ವೈ, ಝಡ್ ಇರುವ ಪುಟ್ಟ ಅಕ್ಷವ್ಯೂಹ ಕೂರುತ್ತದೆ. ಸ್ಲೈಡರ್ ಜಾರುವುದು ಝಡ್ ದಿಕ್ಕಿಗೆ. ಚಪ್ಪಟೆ ಮುಖದ ಮೇಲೆ ಕ್ಲಿಕ್ ಮಾಡಿದರೆ ಝಡ್ ಆ ಮುಖಕ್ಕೆ ಲಂಬವಾಗಿ ನಿಲ್ಲುತ್ತದೆ, ಆದ್ದರಿಂದ ಪಟ್ಟಿಯ ತುದಿಮುಖವೇ ಸರಿಯಾದ ಜಾಗ. ಪಟ್ಟಿಯ ಪಕ್ಕದ ದೊಡ್ಡ ಮುಖವನ್ನು ಒತ್ತಿದರೆ ಡ್ರಾ ಅಡ್ಡಡ್ಡ ಹೋಗುತ್ತದೆ.

ಲಿಮಿಟ್ ಅಳೆಯುವುದು ಈ ಎರಡು ಅಕ್ಷವ್ಯೂಹಗಳ ಮೂಲಬಿಂದುಗಳ ನಡುವಿನ ದೂರವನ್ನು. ಅವು ಒಂದರ ಮೇಲೊಂದು ಬಂದಾಗ ದೂರ 0. ಹಾಗಾಗಿ ಹೊರಪಟ್ಟಿಯ ಹಿಂತುದಿಯ ಮುಖ ಆರಿಸಿದರೆ ನಡುಪಟ್ಟಿಯದ್ದೂ ಹಿಂತುದಿಯ ಮುಖವನ್ನೇ ಆರಿಸಿ. ಆಗ ಚಾನೆಲ್ ಮುಚ್ಚಿದ್ದೇ 0, ಲಿಮಿಟ್ 0ಯಿಂದ 225. ಒಂದರ ಹಿಂತುದಿ, ಇನ್ನೊಂದರ ಮುಂತುದಿ ಆರಿಸಿದರೆ ಮುಚ್ಚಿದಾಗಲೇ ದೂರ 450 ಆಗಿ, ಲಿಮಿಟ್ 450ರಿಂದ 675 ಎಂದು ಕೊಡಬೇಕಾಗುತ್ತದೆ. ತಪ್ಪಲ್ಲ, ಆದರೆ ಆರು ತಿಂಗಳ ಮೇಲೆ ಫೈಲ್ ತೆರೆದವರಿಗೆ 675 ಎಂದರೇನು ಎಂದು ಹೊಳೆಯುವುದಿಲ್ಲ.

ತುದಿಮುಖ ತಿರುಗಿರುವ ಕಡೆಗೇ ಝಡ್ ಬಾಣ. ಹಿಂತುದಿಯ ಮುಖ ಗೋಡೆಯ ಕಡೆ ನೋಡುತ್ತಿರುತ್ತದೆ, ಹಾಗಾಗಿ ಡ್ರಾ ಹೊರಗೆ ಬರುವ ದಿಕ್ಕು ಮೈನಸ್ ಆಗಬಹುದು. ಆಗ 0ಯಿಂದ 225 ಎಂದು ಕೊಟ್ಟರೆ ಡ್ರಾ ಶಿಸ್ತಾಗಿ 225 ಮಿಮೀ ಗೋಡೆಯೊಳಕ್ಕೆ ಹೋಗುತ್ತದೆ. ಜಾಯಿಂಟ್ ಪ್ಯಾನೆಲ್‌ನಲ್ಲಿ ದಿಕ್ಕು ತಿರುಗಿಸುವ ಬಟನ್ ಇದೆ, ಆದರೆ ಅದು ಕೆಲವು ಸಲ ಭಾಗವನ್ನೇ ತಲೆಕೆಳಗು ಮಾಡಿಬಿಡುತ್ತದೆ. ಹಾಗಾದರೆ ಮುಂತುದಿಯ ಮುಖಗಳನ್ನು ಆರಿಸಿ ಹೊಸದಾಗಿ ಹಾಕಿ, ಅಥವಾ ಲಿಮಿಟ್ಟನ್ನೇ −225ರಿಂದ 0 ಎಂದು ಬರೆಯಿರಿ. ನನ್ನ ಪ್ರಕಾರ ಮೊದಲನೆಯದೇ ವಾಸಿ. ತೆರೆಯುವುದು ಯಾವಾಗಲೂ ಪ್ಲಸ್ ಎಂಬ ಒಂದೇ ರೂಢಿ ಆಫೀಸಿನ ಎಲ್ಲ ಫೈಲ್‌ಗಳಲ್ಲೂ ಇದ್ದರೆ ಜಗಳ ಕಮ್ಮಿ.

ಹಂತ 5: ಲಿಮಿಟ್ ಕೊಡುವುದು

ಲಿಮಿಟ್ ಇಲ್ಲದೆ ಒಮ್ಮೆ ಎಳೆದು ದಿಕ್ಕು ಸರಿಯಿದೆ ಎಂದು ನೋಡಿಕೊಂಡ ಮೇಲೆಯೇ ಇದಕ್ಕೆ ಕೈ ಹಾಕಿ. ಜಾಯಿಂಟ್ ಪ್ಯಾನೆಲ್‌ನಲ್ಲಿ ಲಿಮಿಟ್ಸ್ ವಿಭಾಗ ತೆರೆದು ಕನಿಷ್ಠ ಉದ್ದ, ಗರಿಷ್ಠ ಉದ್ದ ಎರಡಕ್ಕೂ ಟಿಕ್ ಹಾಕಿ. ಎರಡೂ ಬೇರೆ ಬೇರೆ ಟಿಕ್, ಒಂದನ್ನು ಮರೆತರೆ ಆ ಬದಿ ತೆರೆದೇ ಇರುತ್ತದೆ. ಓಕೆ ಒತ್ತಿ ಹೊರಬಂದು, ಟ್ರೀಯಲ್ಲಿ ಜಾಯಿಂಟ್ ಆರಿಸಿ, ಕೆಳಗಿನ ಡೇಟಾ ಪಟ್ಟಿಯಲ್ಲಿ ಗರಿಷ್ಠ ಉದ್ದದ ಪಕ್ಕದ ಎಫ್‌ಎಕ್ಸ್ ಚಿಹ್ನೆ ಒತ್ತಿ ಶೀಟಿನ ಹಂತ_ಟ್ರಾವೆಲ್ಲಿಗೆ ಕಟ್ಟಿ. ಎರಡನೆಯ ಸ್ಲೈಡರ್‌ಗೂ ಹಾಗೆಯೇ.

ಡ್ರಾಗೂ ಕಪಾಟಿಗೂ ನೇರವಾಗಿ 0ಯಿಂದ 450ರ ಮೂರನೆಯ ಲಿಮಿಟ್ ಹಾಕುವ ಆಸೆ ಬರುತ್ತದೆ. ಬೇಡ. ಎರಡು 225 ಸೇರಿದರೆ ತಾನಾಗಿಯೇ 450. ಮೂರನೆಯದು ಅದೇ ಮಾತನ್ನು ಮತ್ತೆ ಹೇಳಿದಂತೆ, ಶೀಟಿನಲ್ಲಿ ಅಳತೆ ಬದಲಾದ ದಿನ ಅದು ಉಳಿದ ಎರಡರ ಜೊತೆ ಹೊಂದುವುದಿಲ್ಲ.

ಒಳಗಿನ ತುದಿಗೆ ಬೇರೆ ಯಜಮಾನ

ತೆರೆಯುವ ತುದಿಯನ್ನು ನಿಲ್ಲಿಸುವುದು ಚಾನೆಲ್. ಮುಚ್ಚುವ ತುದಿಯನ್ನು ನಿಲ್ಲಿಸುವುದು ಬಹಳ ಸಲ ಚಾನೆಲ್ ಅಲ್ಲ. ಡ್ರಾದ ಮುಂಭಾಗದ ಹಲಗೆ ಕಪಾಟಿನ ಅಂಚಿಗೆ, ಅಥವಾ ಅಲ್ಲಿ ಅಂಟಿಸಿದ ಪುಟ್ಟ ರಬ್ಬರ್ ಬಂಪರ್‌ಗೆ, ಮೊದಲೇ ತಾಗುತ್ತದೆ. ಚಾನೆಲ್ ಇನ್ನೂ 2 ಮಿಮೀ ಮುಚ್ಚಬೇಕಿರುತ್ತದೆ, ಆದರೆ ಹಲಗೆ ಬಿಡುವುದಿಲ್ಲ.

ಮಾಡೆಲ್‌ನಲ್ಲಿ 0 ಎಂದು ಬಿಟ್ಟರೆ ಹಲಗೆ ಕಪಾಟಿನ ಅಂಚಿನೊಳಗೆ 2 ಮಿಮೀ ಹೂತುಕೊಂಡಿರುತ್ತದೆ. ದೂರದಿಂದ ನೋಡಿದರೆ ಗೊತ್ತೇ ಆಗದು. ಸರಿಯಾಗಿ ಹೇಳಬೇಕೆಂದರೆ ಇದು ಎರಡು ಹಂತಗಳ ಮೊತ್ತದ ಮೇಲಿನ ಲಿಮಿಟ್: ಎರಡೂ ಸೇರಿ 2ಕ್ಕಿಂತ ಕಡಿಮೆ ಆಗಬಾರದು. ಫ್ರೀಕ್ಯಾಡ್‌ನಲ್ಲಿ ಅಷ್ಟಕ್ಕಾಗಿ ಇನ್ನೊಂದು ಸ್ಲೈಡರ್ ತರುವ ಬದಲು ಮೊದಲ ಹಂತದ ಕನಿಷ್ಠವನ್ನು 2 ಮಾಡಿ, ಶೀಟಿನಲ್ಲಿ ಬಂಪರ್ ಎಂಬ ಸೆಲ್ಲಿಗೆ ಕಟ್ಟಿಬಿಡಿ. ಫಲಿತಾಂಶ ಅದೇ. ಹೀಗೆ ಮಾಡಿದ ಮೇಲೆ ಗಿರಾಕಿಗೆ ಕಾಣುವ ತೆರವು 450 ಅಲ್ಲ, 448.

ಹಂತ 6: ನಂಬಬೇಡಿ, ಅಳೆಯಿರಿ

ಡ್ರಾವನ್ನು ಎಳೆಯಿರಿ, ಎರಡೂ ಹಂತ ತುದಿಗೆ ಬರಲಿ. 1.0ರಲ್ಲಿ ಬಂದ ಹೊಸ ಮೆಷರ್ ಸಾಧನದಿಂದ ಹೊರಪಟ್ಟಿಯ ಮುಂದಿನ ಸ್ಟಾಪರ್‌ನ ಒಳಮುಖಕ್ಕೂ ನಡುಪಟ್ಟಿಯ ಹಿಂದಿನ ಸ್ಟಾಪರ್‌ನ ಒಳಮುಖಕ್ಕೂ ನಡುವಿನ ದೂರ ಅಳೆಯಿರಿ. 205 ಬರಬೇಕು. ಕೇಜ್ ಕೂರುವ ಜಾಗ ಅದು. 205ಕ್ಕಿಂತ ಕಡಿಮೆ ಬಂದರೆ ನಿಮ್ಮ ಮಾಡೆಲ್‌ನಲ್ಲಿ ಕೇಜ್ ನಜ್ಜುಗುಜ್ಜಾಗಿದೆ, ಹೆಚ್ಚು ಬಂದರೆ ಡ್ರಾ ಬೇಗ ನಿಂತಿದೆ. ಎರಡನೆಯ ಹಂತಕ್ಕೂ ಇದನ್ನೇ ಮಾಡಿ. ಪೂರ್ತಿ ಒಳಗೆ ತಳ್ಳಿ ಹಲಗೆಗೂ ಕಪಾಟಿನ ಅಂಚಿಗೂ ನಡುವೆ ಅಳೆಯಿರಿ. ಬಂಪರ್ ಬಿಡಿಸಿದ್ದರೆ ಅದರ ಮುಖದಿಂದ ದೂರ 0 ಬರಬೇಕು.

ಇನ್ನು ಟಾಲರೆನ್ಸ್, ಅಂದರೆ ತಯಾರಿಕೆಯಲ್ಲಿ ಅಳತೆ ಎಷ್ಟು ಆಚೀಚೆ ಆಗಬಹುದು ಎಂಬುದು. ಪಟ್ಟಿಯ ಉದ್ದಕ್ಕೆ ±0.5, ಕೇಜಿಗೆ ±0.5, ಪ್ರತಿ ಸ್ಟಾಪರಿಗೆ ±0.2 ಎಂದು ಹಿಡಿದರೆ ಒಂದು ಹಂತಕ್ಕೆ ಅತಿ ಕೆಟ್ಟ ಸಂದರ್ಭದಲ್ಲಿ ±1.4, ಎರಡಕ್ಕೆ ±2.8. ಒಟ್ಟು ಟ್ರಾವೆಲ್ 447.2ರಿಂದ 452.8ರವರೆಗೆ ಎಲ್ಲಿಯಾದರೂ ಬರಬಹುದು. ಕೆಲವರು ಲಿಮಿಟ್ಟಿನಲ್ಲೇ ಸುರಕ್ಷತೆಗೆಂದು 2–3 ಮಿಮೀ ಕಡಿಮೆ ಇಡುತ್ತಾರೆ. ಹಾಗೆ ಮಾಡಬೇಡಿ. ಲಿಮಿಟ್ ನಾಮಿನಲ್ (ಟಾಲರೆನ್ಸ್ ಸೇರಿಸದ ಮೂಲ) ಅಳತೆಯಲ್ಲೇ ಇರಲಿ, ಜಾಗದ ತಪಾಸಣೆ ಮಾಡುವಾಗ 452.8 ಹಾಕಿ ನೋಡಿ, ಡ್ರಾದ ಕೊನೆಯವರೆಗೂ ಕೈ ಎಟಕುತ್ತದೆಯೇ ಎಂಬ ತಪಾಸಣೆಗೆ 447.2. ಒಂದೇ ಸಂಖ್ಯೆ ಎರಡೂ ಕೆಲಸ ಮಾಡಲಾರದು.

ಯಾವ ಹಂತ ಮೊದಲು?

ಡ್ರಾವನ್ನು 225 ಎಳೆದಾಗ ನಡುಪಟ್ಟಿ ಎಲ್ಲಿರುತ್ತದೆ? ಮೊದಲ ಹಂತ ಪೂರ್ತಿ ತೆರೆದಿರಬಹುದು, ಎರಡನೆಯದು ಪೂರ್ತಿ ತೆರೆದಿರಬಹುದು, ಎರಡೂ ಅರ್ಧರ್ಧ ಇರಬಹುದು. ನಿಜವಾದ ಚಾನೆಲ್‌ನಲ್ಲಿ ಇದನ್ನು ತೀರ್ಮಾನಿಸುವುದು ಘರ್ಷಣೆ, ಗ್ರೀಸ್, ಧೂಳು. ನಡುಪಟ್ಟಿ ಒಮ್ಮೊಮ್ಮೆ ತಡವಾಗಿ ಟಕ್ ಎಂದು ಹಿಂಬಾಲಿಸುವುದನ್ನು ಎಲ್ಲರೂ ಕೇಳಿದ್ದೇವೆ. ಕ್ಯಾಡ್‌ನಲ್ಲಿ ಘರ್ಷಣೆ ಇಲ್ಲ, ಸಾಲ್ವರ್ ತನಗೆ ಹತ್ತಿರವಾದ ಉತ್ತರ ಕೊಡುತ್ತದೆ. ಅದನ್ನು ತಪ್ಪು ಎನ್ನಲಾಗದು. ಆದರೆ ಅರ್ಧ ತೆರೆದ ಸ್ಥಿತಿಯ ಚಿತ್ರದಲ್ಲಿ ನಡುಪಟ್ಟಿಯ ಜಾಗವನ್ನು ಅಳತೆಯಾಗಿ ಬರೆದು ಯಾರಿಗೂ ಕೊಡಬೇಡಿ. ನಂಬಬಹುದಾದ ಸ್ಥಿತಿಗಳು ಎರಡೇ, ಪೂರ್ತಿ ಮುಚ್ಚಿದ್ದು ಮತ್ತು ಪೂರ್ತಿ ತೆರೆದದ್ದು.

ಮೂಲೆಯ ಕಪಾಟಿನಲ್ಲಿ ಇದರ ಬೆಲೆ

ಇಷ್ಟೆಲ್ಲ ಏಕೆ ಎಂಬುದಕ್ಕೆ ಎಲ್ ಆಕಾರದ ಅಡುಗೆಮನೆಯ ಮೂಲೆ ನೋಡಿ. ನಮ್ಮ ಡ್ರಾ ಹೊರಬರುವಾಗ ಪಕ್ಕದ ಗೋಡೆಯ ಕಪಾಟಿನ ಮುಖವನ್ನು ಸವರಿಕೊಂಡು ಬರುತ್ತದೆ. ಆ ಕಪಾಟಿನ ಶಟರ್, ಅಂದರೆ ಬಾಗಿಲಿನ, ದಪ್ಪ 18, ಹಿಡಿಕೆ ಹೊರಚಾಚಿರುವುದು 35, ಒಟ್ಟು 53 ಮಿಮೀ ನಮ್ಮ ದಾರಿಗೆ ಚಾಚಿಕೊಂಡಿದೆ. ಮೂಲೆಯಲ್ಲಿ ಎರಡೂ ಕಡೆ 50 ಮಿಮೀ ಫಿಲ್ಲರ್ (ಜಾಗ ತುಂಬುವ ಪಟ್ಟಿ) ಬಿಟ್ಟಿದ್ದಾರೆ ಎನ್ನಿ. ಮೂರು ಮಿಮೀ ಸಾಲದು.

ಎಲ್ಲಿ ಬಡಿಯುತ್ತದೆ? ಪಕ್ಕದ ಶಟರ್ 600 ಅಗಲ, ಹಿಡಿಕೆ 160 ಉದ್ದ, ಅಡ್ಡಡ್ಡವಾಗಿ ನಡುವಿಗೆ ಕೂತಿದೆ. ಹಿಡಿಕೆಯ ಹತ್ತಿರದ ತುದಿ ಶಟರ್‌ನ ಅಂಚಿನಿಂದ 220, ಫಿಲ್ಲರ್ 50 ಸೇರಿಸಿ ನಮ್ಮ ಕಪಾಟಿನ ಮುಖದಿಂದ 270. ನಮ್ಮ ಮುಂಭಾಗದ ಹಲಗೆ 18 ದಪ್ಪ. ಬಂಪರ್‌ನ 2 ಮಿಮೀ ಬಿಟ್ಟು ಲೆಕ್ಕ ಹಾಕಿದರೆ ಡ್ರಾ 252 ಮಿಮೀ ತೆರೆದಾಗ ಹಲಗೆಯ ಅಂಚು ಹಿಡಿಕೆಗೆ ಬಡಿಯುತ್ತದೆ. 18 ಇಂಚಿನ ಚಾನೆಲ್‌ಗೆ ದುಡ್ಡು ಕೊಟ್ಟು 10 ಇಂಚು ಬಳಸಿದ ಹಾಗೆ. ಫಿಲ್ಲರ್ 60 ಮಾಡಿದರೆ 7 ಮಿಮೀ ಸಂದು ಉಳಿದು ಡ್ರಾ ಪೂರ್ತಿ ಬರುತ್ತದೆ. ಇಂಥ ತಪ್ಪು ಡ್ರಾ ಮುಚ್ಚಿರುವ ಸ್ಥಿರಚಿತ್ರದಲ್ಲಿ ಕಾಣಿಸುವುದೇ ಇಲ್ಲ.

ಈ ತಪಾಸಣೆಗೆ ಪಾರ್ಟ್ ವರ್ಕ್‌ಬೆಂಚ್‌ನ ಕಾಮನ್ ಕಾರ್ಯ ಉಪಯೋಗಕ್ಕೆ ಬರುತ್ತದೆ, ಅದು ಎರಡು ವಸ್ತುಗಳು ಒಂದರೊಳಗೊಂದು ಸೇರಿರುವ ಭಾಗವನ್ನಷ್ಟೇ ಉಳಿಸುತ್ತದೆ. ಡ್ರಾ ಮುಂಭಾಗ ಮತ್ತು ಹಿಡಿಕೆ ಎರಡನ್ನೂ ಆರಿಸಿ ಕಾಮನ್ ಮಾಡಿದಾಗ ಏನೂ ಉಳಿಯದಿದ್ದರೆ ತಾಕಲಾಟ ಇಲ್ಲ. ನೋಡಿದ ಮೇಲೆ ಆ ಫಲಿತಾಂಶವನ್ನು ಅಳಿಸಿಬಿಡಿ.

ಸಬ್‌ಅಸೆಂಬ್ಲಿಯಾದಾಗ ಡ್ರಾ ಹೆಪ್ಪುಗಟ್ಟುವುದು

ಡ್ರಾ ಇರುವ ಕಪಾಟನ್ನು ಪೂರ್ತಿ ಅಡುಗೆಮನೆಯ ಅಸೆಂಬ್ಲಿಗೆ ತಂದ ಕೂಡಲೇ ಡ್ರಾ ಅಲುಗಾಡುವುದಿಲ್ಲ. ಜಾಯಿಂಟ್ ಹಾಳಾಯಿತೆಂದು ಗಾಬರಿಬಿದ್ದು ಮತ್ತೆ ಮಾಡಲು ಕೂರಬೇಡಿ. ಸಬ್‌ಅಸೆಂಬ್ಲಿ (ದೊಡ್ಡ ಅಸೆಂಬ್ಲಿಯೊಳಗೆ ತಂದ ಸಣ್ಣ ಅಸೆಂಬ್ಲಿ) ಒಂದೇ ಗಟ್ಟಿ ತುಂಡಿನಂತೆ ಬರುತ್ತದೆ. ಅದರ ಗುಣಪಟ್ಟಿಯಲ್ಲಿ ರಿಜಿಡ್ ಎಂಬುದನ್ನು ಫಾಲ್ಸ್ ಮಾಡಿದರೆ ಒಳಗಿನ ಜಾಯಿಂಟ್‌ಗಳು ಜೀವಂತವಾಗುತ್ತವೆ. ಹಾಗೆಂದು ಹನ್ನೆರಡು ಕಪಾಟುಗಳನ್ನೂ ಸಡಿಲ ಬಿಟ್ಟರೆ ಫೈಲ್ ತೆವಳುತ್ತದೆ. ನೋಡಬೇಕಾದ ಮೂಲೆಯ ಎರಡನ್ನು ಮಾತ್ರ ಸಡಿಲಿಸಿ.

ಬೇರೆ ಸಾಫ್ಟ್‌ವೇರ್ ಇದ್ದವರಿಗೆ

ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಲಿಮಿಟ್ ಮೇಟ್ (ಭಾಗಗಳನ್ನು ಜೋಡಿಸುವ ಕಟ್ಟಿಗೆ ಅಲ್ಲಿ ಮೇಟ್ ಎಂದು ಹೆಸರು), ಅದು ಅಡ್ವಾನ್ಸ್ಡ್ ಮೇಟ್ಸ್‌ನ ಡಿಸ್ಟೆನ್ಸ್ ವಿಭಾಗದಲ್ಲಿದೆ. ಅದು ಎರಡು ಮುಖಗಳ ನಡುವಿನ ದೂರವನ್ನು ನೋಡುತ್ತದೆ. ಆ ದೂರ 0ಯನ್ನು ದಾಟಿ ಆಚೆ ಹೋಗದಂಥ ಮುಖಗಳನ್ನು ಆರಿಸಿ, ಇಲ್ಲದಿದ್ದರೆ ಭಾಗ ಇನ್ನೊಂದು ಬದಿಗೆ ಮಗುಚಿಕೊಳ್ಳುವ ಕಾಟ. ಮೇಲೆ ಹೇಳಿದ ಬಂಪರ್ ಸಮಸ್ಯೆಗೆ ಇಲ್ಲಿ ಒಳ್ಳೆಯ ದಾರಿಯಿದೆ, ಹಲಗೆಯ ಹಿಂಮುಖಕ್ಕೂ ಕಪಾಟಿನ ಅಂಚಿಗೂ ನೇರವಾಗಿ ಕನಿಷ್ಠ ದೂರ ಕೊಟ್ಟರಾಯಿತು. ಕೇಜನ್ನೂ ಓಡಿಸಲೇಬೇಕು ಎಂಬ ಹಟವಿದ್ದರೆ ಲೀನಿಯರ್ ಕಪ್ಲರ್ ಮೇಟ್‌ನಲ್ಲಿ 1:2 ಅನುಪಾತ ಕೊಡಬಹುದು. ಸಬ್‌ಅಸೆಂಬ್ಲಿ ಇಲ್ಲೂ ಮೊದಲಿಗೆ ರಿಜಿಡ್, ಫ್ಲೆಕ್ಸಿಬಲ್ ಮಾಡಿಕೊಳ್ಳಬೇಕು.

ಫ್ಯೂಶನ್‌ನಲ್ಲಿ ಸ್ಲೈಡರ್ ಜಾಯಿಂಟ್ ಮಾಡಿ ಅದರ ಎಡಿಟ್ ಜಾಯಿಂಟ್ ಲಿಮಿಟ್ಸ್ ತೆರೆದರೆ ಕನಿಷ್ಠ, ಗರಿಷ್ಠದ ಜೊತೆ ರೆಸ್ಟ್ ಎಂಬ ಮೂರನೆಯದೂ ಸಿಗುತ್ತದೆ, ಕೈಬಿಟ್ಟಾಗ ಭಾಗ ಎಲ್ಲಿಗೆ ಮರಳಬೇಕು ಎಂಬುದು. ಡ್ರಾಗೆ ಅದನ್ನು ಮುಚ್ಚಿದ ಸ್ಥಿತಿಗೆ ಇಟ್ಟರೆ ಫೈಲ್ ಯಾವಾಗಲೂ ಅಚ್ಚುಕಟ್ಟಾಗಿರುತ್ತದೆ. ಇನ್ವೆಂಟರ್‌ನಲ್ಲೂ ಜಾಯಿಂಟಿನ ಲಿಮಿಟ್ಸ್ ಟ್ಯಾಬ್‌ನಲ್ಲಿ ಇದೇ ಕೆಲಸ.

ಲಿಮಿಟ್ ಬದಲು ಮುಖಗಳು ತಾಗಿದಾಗ ತಾನಾಗಿ ನಿಲ್ಲುವಂತೆ ಮಾಡುವ ಸೌಲಭ್ಯವೂ ಇದೆ, ಫ್ಯೂಶನ್‌ನಲ್ಲಿ ಕಾಂಟ್ಯಾಕ್ಟ್ ಸೆಟ್, ಸಾಲಿಡ್‌ವರ್ಕ್ಸ್‌ನಲ್ಲಿ ಕಲಿಶನ್ ಡಿಟೆಕ್ಷನ್. ನೋಡಲು ಇದೇ ಪ್ರಾಮಾಣಿಕ ದಾರಿ ಎನಿಸುತ್ತದೆ. ಆದರೆ ಪ್ರತಿ ಎಳೆತಕ್ಕೂ ಎಲ್ಲ ಮುಖಗಳನ್ನೂ ತಡಕಾಡಬೇಕಾದ್ದರಿಂದ ದೊಡ್ಡ ಅಸೆಂಬ್ಲಿಯಲ್ಲಿ ಕಂಪ್ಯೂಟರ್ ಸುಸ್ತಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಲಿಮಿಟ್, ಆ ಲಿಮಿಟ್ ಸರಿಯೇ ಎಂದು ಒಮ್ಮೆ ಪರೀಕ್ಷಿಸಲು ಕಲಿಶನ್. ಲಿಮಿಟ್‌ಗಳನ್ನು ತೆಗೆದು ಕಲಿಶನ್ ಆನ್ ಮಾಡಿ ಎಳೆಯಿರಿ, ನಿಂತ ಜಾಗವನ್ನು ಶೀಟಿನ ಸಂಖ್ಯೆಯ ಜೊತೆ ಹೋಲಿಸಿ. ಕೇಜ್ ಬಿಡಿಸಿಲ್ಲದಿದ್ದರೆ ಸ್ಟಾಪರ್‌ಗಳು ಪ್ರತಿ ಹಂತದಲ್ಲೂ ಲಿಮಿಟ್ಟಿಗಿಂತ 205 ಮಿಮೀ ಮುಂದೆ ಹೋಗಿ ತಾಗುತ್ತವೆ ಎಂಬುದನ್ನು ಮರೆಯಬೇಡಿ.

ಡ್ರಾಯಿಂಗ್ ತೆಗೆಯುವಾಗ

ಪೂರ್ತಿ ತೆರೆದ ಸ್ಥಿತಿಯ ಡ್ರಾಯಿಂಗ್ ಬೇಕಾದಾಗ ಮೌಸ್‌ನಿಂದ ಎಳೆದು ಬಿಟ್ಟದ್ದನ್ನು ನಂಬಬೇಡಿ. ಕೈ ತುಸು ಮೊದಲೇ ನಿಂತರೆ ಶೀಟಿನಲ್ಲಿ 449.3 ಎಂದು ಬರುತ್ತದೆ, ಫ್ಯಾಕ್ಟರಿಯವರು ಅದನ್ನೇ ನಿಜವೆಂದು ತಿಳಿಯುತ್ತಾರೆ. ಫೈಲಿನ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಸ್ಲೈಡರ್ ಜಾಯಿಂಟ್‌ಗಳನ್ನು ನಿಷ್ಕ್ರಿಯ ಮಾಡಿ, ಅದೇ ತುದಿಮುಖಗಳ ನಡುವೆ 225 ಆಫ್‌ಸೆಟ್ ಇರುವ ಫಿಕ್ಸ್ಡ್ ಜಾಯಿಂಟ್ ಹಾಕಿ. ಆಫ್‌ಸೆಟ್ಟನ್ನೂ ಹಂತ_ಟ್ರಾವೆಲ್ ಸೆಲ್ಲಿಗೇ ಕಟ್ಟಿ. ಡ್ರಾಯಿಂಗ್‌ನಲ್ಲಿ ಒಟ್ಟು ಟ್ರಾವೆಲ್ 450, ತೆರವು 448 ಎಂದು ಎರಡನ್ನೂ ಬೇರೆ ಬೇರೆ ತೋರಿಸಿ, ಯಾವುದು ಯಾವ ಮುಖದಿಂದ ಎಂದು ಬಾಣ ಹಾಕಿ. ಚಾನೆಲ್ ಕೂರಿಸುವವನಿಗೆ ಬೇಕಾದದ್ದು ಮೊದಲನೆಯದು, ಎದುರಿನ ಕಪಾಟಿಗೆ ಎಷ್ಟು ಜಾಗ ಬಿಡಬೇಕು ಎಂದು ನೋಡುವವನಿಗೆ ಎರಡನೆಯದು.